ಇಂಗ್ಲಿಷ್ ಕ್ರಿಯಾಪದ, ಪ್ರಿಪೊಸಿಷನ್ ಮತ್ತು ಕನ್ನಡದ ವಿಭಕ್ತಿ: ಅರ್ಥವ್ಯತ್ಯಾಸದ ಒಂದು ವಿವೇಚನೆ

1. ಪ್ರವೇಶಿಕೆ

ಇಂಗ್ಲಿಷಿನ ಒಂದೇ ಕ್ರಿಯಾಪದವು ಪ್ರಿಪೊಸಿಷನ್ ಇಲ್ಲದೆ ಬಂದಾಗ ಒಂದು ಅರ್ಥವನ್ನೂ, ಪ್ರಿಪೊಸಿಷನ್ ಸಹಿತವಾಗಿ ಬಂದಾಗ ಬೇರೊಂದು ಅರ್ಥವನ್ನೂ ಕೊಡುವುದು ಆ ಭಾಷೆಯನ್ನು ಕಲಿತ ಎಲ್ಲರಿಗೂ ತಿಳಿದ ಸಂಗತಿ. ಆದರೆ ಈ ವ್ಯತ್ಯಾಸವನ್ನು ಸಾಮಾನ್ಯವಾಗಿ ಬಾಯಿಪಾಠ ಮಾಡಬೇಕಾದ ನುಡಿಗಟ್ಟುಗಳ ಪಟ್ಟಿಯಾಗಿ ನೋಡಲಾಗುತ್ತದೆಯೇ ಹೊರತು ಒಂದು ಅರ್ಥವ್ಯವಸ್ಥೆಯಾಗಿ ನೋಡುವುದು ವಿರಳ. ಕನ್ನಡ ಅಧ್ಯಯನದ ಮಟ್ಟಿಗೆ ಈ ವಿಷಯ ಹೊರಗಿನದಲ್ಲ. ಅನುವಾದ, ದ್ವಿಭಾಷಾ ನಿಘಂಟು ಹಾಗೂ ಆಡಳಿತ ಕನ್ನಡ ಈ ಮೂರೂ ಕ್ಷೇತ್ರಗಳಲ್ಲಿ ಕನ್ನಡವು ದಿನನಿತ್ಯ ಈ ಸಮಸ್ಯೆಯನ್ನು ಎದುರಿಸುತ್ತಿದೆ.

ಸಮಸ್ಯೆಯ ತೂಕವನ್ನು ತೋರಿಸಲು ಒಂದು ಉದಾಹರಣೆ ಸಾಕು. 1860ರಲ್ಲಿ ಅಂಗೀಕೃತವಾಗಿ 2024ರ ಜೂನ್ 30ರವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 300ನೆಯ ಕಲಮು ಕೊಲೆಯನ್ನೂ, 307ನೆಯ ಕಲಮು ಕೊಲೆಯ ಪ್ರಯತ್ನವನ್ನೂ ವಿವರಿಸುತ್ತಿದ್ದವು. ಎರಡೂ ಕಲಮುಗಳ ಮೊದಲನೆಯ ದೃಷ್ಟಾಂತದಲ್ಲಿ ಗುಂಡು ಹಾರಿಸುವ ಪ್ರಸಂಗವೇ ಇದೆ. ಆದರೆ ಕೊಲೆಯ ದೃಷ್ಟಾಂತದಲ್ಲಿ ‘ಶೂಟ್’ ಎಂಬ ಕ್ರಿಯಾಪದಕ್ಕೆ ವ್ಯಕ್ತಿಯ ಹೆಸರು ನೇರ ಕರ್ಮವಾಗಿದೆ. ಕೊಲೆಯ ಪ್ರಯತ್ನದ ದೃಷ್ಟಾಂತದಲ್ಲಿ ಅದೇ ಕ್ರಿಯಾಪದದ ಮುಂದೆ ‘ಅಟ್’ ಬಂದಿದೆ. ಮೊದಲನೆಯದರಲ್ಲಿ ಗುಂಡು ತಗುಲಿದೆ ಎಂಬುದು ಕ್ರಿಯಾಪದದಿಂದಲೇ ಸಿದ್ಧವಾಗುತ್ತದೆ. ಅವನು ಸತ್ತನೆಂಬುದನ್ನು ಮಾತ್ರ ಬೇರೆ ವಾಕ್ಯದಲ್ಲಿ ಹೇಳಬೇಕಾಗುತ್ತದೆ. ಎರಡನೆಯದರಲ್ಲಿ ಗುಂಡು ತಗುಲಿತೋ ಇಲ್ಲವೋ ಎಂಬ ವಿಷಯದಲ್ಲಿ ಭಾಷೆ ಮೌನವಾಗಿದೆ. ಈಗ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 101 ಮತ್ತು 109ನೆಯ ಕಲಮುಗಳು ಇವುಗಳ ಸ್ಥಾನದಲ್ಲಿವೆ. ಕೊಲೆಯ ಪ್ರಯತ್ನಕ್ಕೆ ಹತ್ತು ವರ್ಷಗಳವರೆಗಿನ ಸೆರೆವಾಸವೂ, ಆ ಪ್ರಯತ್ನದಲ್ಲಿ ಗಾಯವಾಗಿದ್ದರೆ ಜೀವಾವಧಿಯವರೆಗಿನ ಶಿಕ್ಷೆಯೂ ವಿಧಿಸಲ್ಪಡಬಹುದಾದ್ದರಿಂದ ‘ಗುಂಡು ತಗುಲಿತೆ?’ ಎಂಬ ಪ್ರಶ್ನೆ ವ್ಯಾಕರಣದ ಕುತೂಹಲವಾಗಿ ಮಾತ್ರ ಉಳಿಯುವುದಿಲ್ಲ.

ಈ ಎರಡನ್ನೂ ಕನ್ನಡದಲ್ಲಿ ‘ಅವನಿಗೆ ಗುಂಡು ಹೊಡೆದ’ ಎಂದು ಬರೆಯುವುದು ಸುಲಭ. ಹಾಗೆ ಬರೆದಾಗ ಮೂಲದ ವ್ಯತ್ಯಾಸ ಅಳಿಸಿಹೋಗುತ್ತದೆ. ಅಳಿಸದಂತೆ ಬರೆಯಲು ಕನ್ನಡದಲ್ಲಿ ಸಾಧನಗಳಿಲ್ಲವೆ? ಇದ್ದರೆ ಅವು ಎಲ್ಲಿವೆ? ಇಂಗ್ಲಿಷಿನ ಕ್ರಿಯಾಪದವು ಪ್ರಿಪೊಸಿಷನ್ನಿನಿಂದ ಪಡೆಯುವ ಅರ್ಥವ್ಯತ್ಯಾಸಗಳನ್ನು ವರ್ಗೀಕರಿಸಿ, ಅವುಗಳಿಗೆ ಸಂವಾದಿಯಾದ ಕನ್ನಡದ ವ್ಯವಸ್ಥೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಪರಿಭಾಷೆಯ ಪ್ರಶ್ನೆ

ಕನ್ನಡದಲ್ಲಿ ಬರೆಯಲಾದ ಇಂಗ್ಲಿಷ್ ವ್ಯಾಕರಣಗಳಲ್ಲಿ ಪ್ರಿಪೊಸಿಷನ್ನಿಗೆ ‘ಉಪಸರ್ಗ’ ಎಂಬ ಪದವನ್ನು ಬಳಸುವ ರೂಢಿಯಿದೆ. ಈ ಪದ ಒಂದು ಗೊಂದಲವನ್ನು ಉಂಟುಮಾಡುತ್ತದೆ. ಸಂಸ್ಕೃತ ವ್ಯಾಕರಣದಲ್ಲಿ ಉಪಸರ್ಗವು ಧಾತುವಿಗೆ ಅಂಟಿ ಅದರ ಅರ್ಥವನ್ನೇ ಬದಲಿಸುವ ಘಟಕ. ‘ಹೃ’ ಎಂಬ ಒಂದೇ ಧಾತುವಿನಿಂದ ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಎಂಬ ಪರಸ್ಪರ ದೂರವಾದ ಅರ್ಥಗಳು ಹುಟ್ಟುವುದು ಇದಕ್ಕೆ ಬಹುಕಾಲದಿಂದ ಕೊಡಲಾಗುತ್ತಿರುವ ನಿದರ್ಶನ. ಆದರೆ ಅದೇ ರೂಪಗಳು ಧಾತುವಿಗೆ ಅಂಟದೆ ನಾಮಪದವೊಂದಕ್ಕೆ ವಿಭಕ್ತಿಯನ್ನು ವಿಧಿಸುತ್ತ ಸ್ವತಂತ್ರವಾಗಿ ನಿಂತಾಗ ಪಾಣಿನಿ ಅವುಗಳನ್ನು ‘ಕರ್ಮಪ್ರವಚನೀಯ’ ಎಂಬ ಬೇರೆ ಹೆಸರಿನಿಂದ ಕರೆದಿದ್ದಾನೆ.

ಇಂಗ್ಲಿಷಿನಲ್ಲಿಯೂ ಈ ಎರಡು ಕಾರ್ಯಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ‘ರ‍್ಯಾನ್ ಅಪ್ ದ ಹಿಲ್’ ಎಂದರೆ ಗುಡ್ಡವನ್ನು ಓಡುತ್ತ ಏರಿದ ಎಂದರ್ಥ. ‘ರ‍್ಯಾನ್ ಅಪ್ ಅ ಬಿಲ್’ ಎಂದರೆ ಬಾಕಿಯನ್ನು ಬೆಳೆಸಿದ ಎಂದರ್ಥ. ಎರಡರಲ್ಲಿಯೂ ಪದಗಳ ಅನುಕ್ರಮ ಒಂದೇ. ಆದರೆ ಎರಡನೆಯದರಲ್ಲಿ ‘ಅಪ್’ ಅನ್ನು ವಾಕ್ಯದ ಕೊನೆಗೆ ಒಯ್ದು ‘ರ‍್ಯಾನ್ ಅ ಬಿಲ್ ಅಪ್’ ಎನ್ನಬಹುದು; ಮೊದಲನೆಯದರಲ್ಲಿ ಹಾಗೆ ಮಾಡಲು ಬರುವುದಿಲ್ಲ. ಗುಡ್ಡದ ವಾಕ್ಯದಲ್ಲಿ ‘ಅಪ್’ ನಾಮಪದಕ್ಕೆ ಸೇರಿದ್ದು. ಬಿಲ್ಲಿನ ವಾಕ್ಯದಲ್ಲಿ ಅದು ಕ್ರಿಯಾಪದಕ್ಕೆ ಸೇರಿದ್ದು. ಮೊದಲನೆಯದು ಕರ್ಮಪ್ರವಚನೀಯಕ್ಕೂ ಎರಡನೆಯದು ಉಪಸರ್ಗಕ್ಕೂ ಹತ್ತಿರವಾದುದು. ಎರಡಕ್ಕೂ ‘ಉಪಸರ್ಗ’ ಎಂಬ ಒಂದೇ ಹೆಸರನ್ನು ಕೊಟ್ಟರೆ ಈ ಭೇದ ಮರೆಯಾಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ನಾಮಪದಕ್ಕೆ ಸೇರಿದುದನ್ನು ‘ಪ್ರಿಪೊಸಿಷನ್’ ಎಂದೂ, ಕ್ರಿಯಾಪದಕ್ಕೆ ಸೇರಿದುದನ್ನು ‘ಪಾರ್ಟಿಕಲ್’ ಎಂದೂ ಕರೆಯಲಾಗಿದೆ.

ಇಂಗ್ಲಿಷಿನಲ್ಲಿ ಪ್ರಿಪೊಸಿಷನ್ನುಗಳು ಇಷ್ಟು ಭಾರ ಹೊರಲು ಚಾರಿತ್ರಿಕ ಕಾರಣವೂ ಇದೆ. ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೆ ವಿಭಕ್ತಿಪ್ರತ್ಯಯಗಳಿದ್ದವು. ‘ಹೆಲ್ಪ್’, ‘ಫಾಲೋ’ ಎಂಬ ಇಂದಿನ ಕ್ರಿಯಾಪದಗಳ ಪೂರ್ವರೂಪಗಳು ಚತುರ್ಥಿಯ ನಾಮಪದವನ್ನು ಬಯಸುತ್ತಿದ್ದವು. ಮಧ್ಯಕಾಲೀನ ಇಂಗ್ಲಿಷಿನ ಅವಧಿಯಲ್ಲಿ, ಎಂದರೆ ಸ್ಥೂಲವಾಗಿ 1100ರಿಂದ 1500ರ ನಡುವೆ, ಈ ಪ್ರತ್ಯಯಗಳಲ್ಲಿ ಹೆಚ್ಚಿನವು ಸವೆದುಹೋದವು. ಅವುಗಳ ಕೆಲಸದ ಒಂದು ಭಾಗವನ್ನು ಪದಕ್ರಮವೂ ಇನ್ನೊಂದು ಭಾಗವನ್ನು ಪ್ರಿಪೊಸಿಷನ್ನುಗಳೂ ವಹಿಸಿಕೊಂಡವು. ಹೀಗಾಗಿ ಕ್ರಿಯಾಪದದ ಮುಂದೆ ಬರಿದಾಗಿ ನಿಂತ ನಾಮಪದ ಮತ್ತು ಪ್ರಿಪೊಸಿಷನ್ನಿನ ಆಸರೆಯಲ್ಲಿ ನಿಂತ ನಾಮಪದ ಇವೆರಡರ ನಡುವಿನ ಅಂತರವೇ ಇಂಗ್ಲಿಷಿನಲ್ಲಿ ಅರ್ಥದ ಅಂತರವನ್ನು ಸೂಚಿಸುವ ಸಾಧನವಾಯಿತು. ‘ಅವನಿಗೆ ನೆರವಾಗು’ ಎನ್ನುವ ಕನ್ನಡಿಗ ವಿದ್ಯಾರ್ಥಿ ‘ಹೆಲ್ಪ್ ಟು ಹಿಮ್’ ಎಂದು ಬರೆದಾಗ ಇಂದಿನ ಇಂಗ್ಲಿಷಿಗೆ ಅದು ತಪ್ಪು. ಆದರೆ ಆ ಕ್ರಿಯೆಗೆ ಚತುರ್ಥಿಯ ಸಂಬಂಧ ಸಹಜವೆಂಬ ಅವನ ಅರಿವು ಹಳೆಯ ಇಂಗ್ಲಿಷಿಗೂ ಅಪರಿಚಿತವಾಗಿರಲಿಲ್ಲ.

3. ಕ್ರಿಯೆ ಗುರಿಯನ್ನು ಮುಟ್ಟುವುದು ಮತ್ತು ಮುಟ್ಟದಿರುವುದು

ಮೊದಲನೆಯ ವರ್ಗ ‘ಅಟ್’ನಿಂದ ಉಂಟಾಗುವ ವ್ಯತ್ಯಾಸದ್ದು. ‘ಶಾಟ್ ದ ಟೈಗರ್’ ಎಂದರೆ ಗುಂಡು ಹುಲಿಗೆ ತಗುಲಿದೆ. ‘ಶಾಟ್ ಅಟ್ ದ ಟೈಗರ್’ ಎಂದರೆ ಗುಂಡು ಹುಲಿಯತ್ತ ಹಾರಿದೆ, ತಗುಲಿದ್ದು ಖಚಿತವಿಲ್ಲ. ‘ಕಿಕ್ಡ್ ದ ಬಾಲ್’ ಎಂದರೆ ಚೆಂಡನ್ನು ಒದ್ದ. ‘ಕಿಕ್ಡ್ ಅಟ್ ದ ಬಾಲ್’ ಎಂದರೆ ಚೆಂಡಿನತ್ತ ಕಾಲು ಬೀಸಿದ. ‘ಗ್ರಾಸ್ಪ್ಡ್ ದ ರೋಪ್’ ಎಂದರೆ ಹಗ್ಗ ಕೈಗೆ ಸಿಕ್ಕಿದೆ. ‘ಅಟ್’ ಬಂದರೆ ಹಗ್ಗಕ್ಕೆ ಕೈಚಾಚಿದ್ದಷ್ಟೇ ತಿಳಿಯುತ್ತದೆ. ಭಾಷಾವಿಜ್ಞಾನಿಗಳು ಇದನ್ನು ಪ್ರಯತ್ನಾರ್ಥಕ ಪರ್ಯಾಯ ಎಂದು ಗುರುತಿಸಿದ್ದಾರೆ. ಇಂಗ್ಲಿಷ್ ಕ್ರಿಯಾಪದಗಳ ವರ್ಗಗಳನ್ನು ಕುರಿತು 1993ರಲ್ಲಿ ಪ್ರಕಟವಾದ ಬೆತ್ ಲೆವಿನ್ ಅವರ ಗ್ರಂಥದಲ್ಲಿ ಇದರ ವಿಸ್ತೃತ ನಿರೂಪಣೆಯಿದೆ.

ಈ ಪರ್ಯಾಯ ಎಲ್ಲ ಸಕರ್ಮಕ ಕ್ರಿಯಾಪದಗಳಿಗೂ ಒದಗುವುದಿಲ್ಲ ಎಂಬುದು ಗಮನಾರ್ಹ. ‘ಹಿಟ್’ ಮತ್ತು ‘ಕಟ್’ ಎಂಬ ಕ್ರಿಯಾಪದಗಳ ಮುಂದೆ ‘ಅಟ್’ ಸಲ್ಲುತ್ತದೆ. ‘ಬ್ರೇಕ್’ ಎಂಬುದರ ಮುಂದೆ ಸಲ್ಲದು; ‘ಮುಟ್ಟಲು ಯತ್ನಿಸು’ ಎಂಬ ಅರ್ಥದಲ್ಲಿ ‘ಟಚ್’ ಎಂಬುದರ ಮುಂದೆಯೂ ಸಲ್ಲದು. ಹೊಡೆಯುವುದರಲ್ಲಿ ಮತ್ತು ಕೊಯ್ಯುವುದರಲ್ಲಿ ಕೈಯೋ ಆಯುಧವೋ ಚಲಿಸಬೇಕು, ಬಳಿಕ ಗುರಿಗೆ ತಾಗಬೇಕು. ಅಲ್ಲಿ ಎರಡು ಹಂತಗಳಿವೆ. ಒಡೆಯುವುದೆಂದರೆ ವಸ್ತುವಿನ ಸ್ಥಿತಿ ಬದಲಾಗುವುದು. ಮುಟ್ಟುವುದೆಂದರೆ ಬರಿಯ ಸ್ಪರ್ಶ. ಎರಡು ಹಂತಗಳಿರುವಲ್ಲಿ ಮಾತ್ರ ಮೊದಲ ಹಂತವನ್ನು ಉಳಿಸಿಕೊಂಡು ಎರಡನೆಯದನ್ನು ಅನಿಶ್ಚಿತವಾಗಿ ಬಿಡಲು ಸಾಧ್ಯ. ಪ್ರಿಪೊಸಿಷನ್ ಇಲ್ಲಿ ಹೊಸ ಅರ್ಥವೊಂದನ್ನು ಹೊರಗಿನಿಂದ ತಂದು ಸೇರಿಸುತ್ತಿಲ್ಲ. ಕ್ರಿಯೆಯ ಒಡಲಲ್ಲಿಯೇ ಇರುವ ಹಂತಗಳಲ್ಲಿ ಒಂದನ್ನು ಖಾತರಿಯಿಂದ ಕಳಚುತ್ತಿದೆ.

ಕನ್ನಡದಲ್ಲಿ ಇದಕ್ಕೆ ಸಂವಾದಿಯಾದುದನ್ನು ಒಂದು ಪ್ರತ್ಯಯದಲ್ಲಿ ಹುಡುಕಿದರೆ ದೊರೆಯುವುದಿಲ್ಲ. ‘ಒದೆಯಲು ಹೋದ’, ‘ಹಿಡಿಯಲು ನೋಡಿದ’, ‘ಕೈಚಾಚಿದ’, ‘ಕತ್ತಿ ಬೀಸಿದ’, ‘ಹುಲಿಯತ್ತ ಗುಂಡು ಹಾರಿಸಿದ’ ಮುಂತಾದ ಪ್ರಯೋಗಗಳಲ್ಲಿ ಕೆಲವೊಮ್ಮೆ ಸಹಾಯಕ ಕ್ರಿಯಾಪದವೂ, ಕೆಲವೊಮ್ಮೆ ಬೇರೆ ಕ್ರಿಯಾಪದವೂ, ಕೆಲವೊಮ್ಮೆ ‘ಅತ್ತ’, ‘ಕಡೆಗೆ’ ಎಂಬ ಅವ್ಯಯಗಳೂ ಆ ಕೆಲಸವನ್ನು ಮಾಡುತ್ತವೆ. ‘ಹೋದ’ ಎಂಬುದು ಕೇವಲ ಅನಿಶ್ಚಿತತೆಯನ್ನು ಸೂಚಿಸದೆ ಬಹುಮಟ್ಟಿಗೆ ವಿಫಲತೆಯನ್ನೇ ಧ್ವನಿಸುತ್ತದೆ ಎಂಬುದನ್ನು ಅನುವಾದಕ ನೆನಪಿಡಬೇಕು. ‘ಒದೆಯಲು ಹೋದ’ ಎಂದೊಡನೆ ಕೇಳುಗ ‘ಆದರೆ’ ಎಂಬ ಮುಂದಿನ ಮಾತಿಗೆ ಕಾಯುತ್ತಾನೆ. ಇಂಗ್ಲಿಷಿನ ‘ಅಟ್’ ಅಷ್ಟು ದೂರ ಹೋಗುವುದಿಲ್ಲ. ಆದ್ದರಿಂದ ಕಾನೂನಿನ ಪಠ್ಯದಲ್ಲಿ ‘ಗುಂಡು ಹಾರಿಸಲು ಹೋದ’ ಎಂಬುದು ತಪ್ಪು ಅನುವಾದವಾಗುತ್ತದೆ. ‘ಅವನತ್ತ ಗುಂಡು ಹಾರಿಸಿದ’ ಎಂಬುದು ಸರಿಯಾದುದು. ‘ಶೂಟ್’ ಎಂಬುದರ ನೇರ ಕರ್ಮವಿರುವಲ್ಲಿ ‘ಅವನಿಗೆ ಗುಂಡು ತಗುಲುವಂತೆ ಹಾರಿಸಿದ’ ಎಂದು ಬಿಡಿಸಿ ಹೇಳುವುದು ಉದ್ದವಾದರೂ ನಿಖರ.

4. ಪೂರ್ಣತೆ ಮತ್ತು ಆಂಶಿಕತೆ

ಎರಡನೆಯ ವರ್ಗದಲ್ಲಿ ಪ್ರಿಪೊಸಿಷನ್ ಇಲ್ಲದ ನಾಮಪದವು ಕ್ರಿಯೆಗೆ ಸಂಪೂರ್ಣವಾಗಿ ಒಳಪಟ್ಟಿರುತ್ತದೆ. ಪ್ರಿಪೊಸಿಷನ್ ಬಂದರೆ ಅದು ಕ್ರಿಯೆ ನಡೆಯುವ ಸ್ಥಳ ಮಾತ್ರವಾಗುತ್ತದೆ. ‘ಸ್ವಾಮ್ ಇನ್ ದ ಚಾನೆಲ್’ ಎಂದರೆ ಕಡಲ್ಗಾಲುವೆಯ ನೀರಿನಲ್ಲಿ ಈಜಿದ. ‘ಸ್ವಾಮ್ ದ ಚಾನೆಲ್’ ಎಂದರೆ ಒಂದು ದಡದಿಂದ ಇನ್ನೊಂದು ದಡಕ್ಕೆ ಈಜಿ ದಾಟಿದ. 1958ರಲ್ಲಿ ಮಿಹಿರ್ ಸೇನ್ ಅವರೂ 1959ರಲ್ಲಿ ಆರತಿ ಸಾಹಾ ಅವರೂ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಮಾಡಿದ ಸಾಧನೆಯನ್ನು ಹೇಳಲು ಎರಡನೆಯ ವಾಕ್ಯವೇ ಬೇಕು. ಮೊದಲನೆಯದು ಅಲ್ಲಿ ನೀರಿಗಿಳಿದ ಯಾರಿಗೂ ಅನ್ವಯಿಸುತ್ತದೆ.

ಪರ್ವತಾರೋಹಣದ ಇತಿಹಾಸದಲ್ಲಿ ಈ ವ್ಯತ್ಯಾಸವೇ ಒಂದು ವಿವಾದದ ಕೇಂದ್ರವಾಗಿದೆ. 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ‘ಕ್ಲೈಂಬ್ಡ್ ಎವರೆಸ್ಟ್’ ಎನ್ನುವಲ್ಲಿ ಯಾರಿಗೂ ಸಂದೇಹವಿಲ್ಲ. 1924ರ ಜೂನ್ ತಿಂಗಳಲ್ಲಿ ಶಿಖರದ ಸಮೀಪದಲ್ಲಿ ಕಣ್ಮರೆಯಾದ ಮ್ಯಾಲರಿ ಮತ್ತು ಅರ್ವಿನ್ ‘ಕ್ಲೈಂಬ್ಡ್ ಆನ್ ಎವರೆಸ್ಟ್’ ಎಂಬುದೂ ನಿಸ್ಸಂದೇಹ. ಆದರೆ ಅವರು ‘ಕ್ಲೈಂಬ್ಡ್ ಎವರೆಸ್ಟ್’ ಎನ್ನಬಹುದೆ ಎಂಬುದು ನೂರು ವರ್ಷಗಳ ಅನಂತರವೂ ಇತ್ಯರ್ಥವಾಗದ ಪ್ರಶ್ನೆ. ಎರಡು ಅಕ್ಷರಗಳ ‘ಆನ್’ ಇಲ್ಲಿ ಶಿಖರದ ಕೊನೆಯ ಕೆಲವು ನೂರು ಅಡಿಗಳನ್ನು ತನ್ನಲ್ಲಿ ಇರಿಸಿಕೊಂಡಿದೆ. ಕನ್ನಡದಲ್ಲಿ ‘ಎವರೆಸ್ಟ್ ಏರಿದರು’ ಎಂಬುದಕ್ಕೂ ‘ಎವರೆಸ್ಟಿನಲ್ಲಿ ಆರೋಹಣ ನಡೆಸಿದರು’ ಎಂಬುದಕ್ಕೂ ಇದೇ ಅಂತರವಿದೆ.

ಗಾಡಿ ಹೇರುವ ಉದಾಹರಣೆ ಇದೇ ತತ್ತ್ವದ ಇನ್ನೊಂದು ಮುಖ. ‘ಲೋಡೆಡ್ ಹೇ ಆನ್ ದ ಕಾರ್ಟ್’ ಎಂದರೆ ಗಾಡಿಗೆ ಹುಲ್ಲು ಹೇರಿದ. ಗಾಡಿ ತುಂಬಿತೆಂದು ಹೇಳಲಾಗದು. ‘ಲೋಡೆಡ್ ದ ಕಾರ್ಟ್ ವಿದ್ ಹೇ’ ಎಂದರೆ ಗಾಡಿ ತುಂಬಿದೆ ಎಂಬ ಗ್ರಹಿಕೆ ಮೂಡುತ್ತದೆ. ಯಾವ ನಾಮಪದ ಕ್ರಿಯಾಪದದ ಮಗ್ಗುಲಲ್ಲಿ ಬರಿದಾಗಿ ನಿಂತಿದೆಯೋ ಅದನ್ನು ಕ್ರಿಯೆ ಪೂರ್ತಿಯಾಗಿ ಆವರಿಸುತ್ತದೆ. 1980ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಬಂಧವೊಂದರಲ್ಲಿ ಪಾಲ್ ಹಾಪರ್ ಮತ್ತು ಸಾಂಡ್ರಾ ಥಾಂಪ್ಸನ್ ಅವರು ಸಕರ್ಮಕತ್ವವು ಇದೆ ಅಥವಾ ಇಲ್ಲ ಎಂಬಂಥ ಗುಣವಲ್ಲ, ಹೆಚ್ಚು-ಕಡಮೆಗಳುಳ್ಳ ಗುಣ ಎಂದು ಪ್ರತಿಪಾದಿಸಿ ಅದರ ಹತ್ತು ಅಂಶಗಳನ್ನು ನಿರೂಪಿಸಿದ್ದಾರೆ. ಕರ್ಮವು ಎಷ್ಟರಮಟ್ಟಿಗೆ ಕ್ರಿಯೆಗೆ ಒಳಪಟ್ಟಿದೆ ಎಂಬುದು ಅವುಗಳಲ್ಲಿ ಒಂದು. ಪ್ರಿಪೊಸಿಷನ್ ಈ ಅಳತೆಗೋಲಿನಲ್ಲಿ ವಾಕ್ಯವನ್ನು ಒಂದು ಮೆಟ್ಟಿಲು ಕೆಳಗಿಳಿಸುತ್ತದೆ ಎನ್ನಬಹುದು.

5. ನೇರ ಸಂಬಂಧ ಮತ್ತು ಪರೋಕ್ಷ ಸಂಬಂಧ

ದೈಹಿಕ ಕ್ರಿಯೆಗಳಲ್ಲಿ ಮುಟ್ಟುವುದು-ಮುಟ್ಟದಿರುವುದು ಹೇಗೋ ಅರಿವಿನ ಕ್ರಿಯೆಗಳಲ್ಲಿ ನೇರ-ಪರೋಕ್ಷಗಳು ಹಾಗೆ. ‘ಐ ನೋ ಹಿಮ್’ ಎಂದರೆ ಪರಿಚಯವಿದೆ. ‘ಐ ನೋ ಆಫ್ ಹಿಮ್’ ಎಂದರೆ ಅಂಥವನೊಬ್ಬನಿದ್ದಾನೆಂದು ಕೇಳಿ ಗೊತ್ತು. ‘ಹರ್ಡ್ ಹಿಮ್’ ಎಂದರೆ ಅವನ ದನಿಯನ್ನು ಕಿವಿಯಾರೆ ಕೇಳಿದ್ದು. ‘ಹರ್ಡ್ ಆಫ್ ಹಿಮ್’ ಎಂದರೆ ಅವನ ವಿಷಯ ತಿಳಿದದ್ದು. ‘ಹರ್ಡ್ ಫ್ರಮ್ ಹಿಮ್’ ಎಂದರೆ ಅವನಿಂದ ಪತ್ರವೋ ಸುದ್ದಿಯೋ ಬಂದದ್ದು. ಕನ್ನಡದಲ್ಲಿ ‘ಬಲ್ಲೆ’ ಮತ್ತು ‘ಕೇಳಿ ಬಲ್ಲೆ’ ಎಂಬ ಜೋಡಿ ಮೊದಲನೆಯ ವ್ಯತ್ಯಾಸವನ್ನು ಸೊಗಸಾಗಿ ಹಿಡಿಯುತ್ತದೆ. ‘ಕೇಳಿ’ ಎಂಬ ನ್ಯೂನಕ್ರಿಯಾಪದ ಇಲ್ಲಿ ‘ಆಫ್’ ಮಾಡುವ ಕೆಲಸವನ್ನು ಮಾಡುತ್ತಿದೆ.

‘ಬಿಲೀವ್’ ಎಂಬುದು ಹೆಚ್ಚು ಎಚ್ಚರ ಬೇಡುವ ಕ್ರಿಯಾಪದ. ಪ್ರಿಪೊಸಿಷನ್ ಇಲ್ಲದೆ ಬಂದಾಗ ಒಬ್ಬನು ಆಡಿದ ಮಾತು ನಿಜವೆಂದು ಒಪ್ಪುವುದು ಎಂದರ್ಥ. ‘ಇನ್’ ಜತೆಗೆ ಬಂದಾಗ ಅವನ ವ್ಯಕ್ತಿತ್ವದಲ್ಲಿಯೋ ಸಾಮರ್ಥ್ಯದಲ್ಲಿಯೋ ವಿಶ್ವಾಸವಿಡುವುದು, ದೇವರ ಪ್ರಸ್ತಾಪವಿದ್ದರೆ ಅಸ್ತಿತ್ವವನ್ನು ಒಪ್ಪುವುದು ಎಂದರ್ಥ. ಕನ್ನಡದ ‘ನಂಬು’ ಎಂಬ ಕ್ರಿಯಾಪದ ದ್ವಿತೀಯಾ ವಿಭಕ್ತಿಯೊಡನೆ ಇವೆಲ್ಲವನ್ನೂ ಒಳಗೊಳ್ಳುತ್ತದೆ. ‘ಅವನನ್ನು ನಂಬಿದೆ’ ಎಂಬ ವಾಕ್ಯ ಒಂದು ಮಾತಿನ ನಂಬಿಕೆಯೂ ಆಗಬಹುದು, ಒಂದು ಬಾಳಿನ ನಂಬಿಕೆಯೂ ಆಗಬಹುದು. ವ್ಯತ್ಯಾಸ ಅಗತ್ಯವಿದ್ದಲ್ಲಿ ‘ಅವನ ಮಾತನ್ನು ನಂಬಿದೆ’ ಎಂದೂ ‘ಅವನಲ್ಲಿ ನಂಬಿಕೆಯಿಟ್ಟೆ’ ಎಂದೂ ಬೇರ್ಪಡಿಸಬೇಕಾಗುತ್ತದೆ. ಕನ್ನಡವು ಇಲ್ಲಿ ಬಡವಾಗಿದೆ ಎಂದು ತಿಳಿಯಬೇಕಾಗಿಲ್ಲ. ಇಂಗ್ಲಿಷ್ ಕಡ್ಡಾಯವಾಗಿ ತೋರಿಸುವುದನ್ನು ಕನ್ನಡ ಬೇಕಾದಾಗ ತೋರಿಸುತ್ತದೆ.

‘ಸರ್ಚ್’ ಎಂಬುದರಲ್ಲಿ ಈ ವ್ಯತ್ಯಾಸ ವ್ಯಾವಹಾರಿಕ ಮಹತ್ವ ಪಡೆಯುತ್ತದೆ. ‘ಸರ್ಚ್ಡ್ ದ ಹೌಸ್’ ಎಂದರೆ ಮನೆಯನ್ನು ಶೋಧಿಸಿದರು. ‘ಸರ್ಚ್ಡ್ ಫಾರ್ ದ ಹೌಸ್’ ಎಂದರೆ ಮನೆ ಎಲ್ಲಿದೆಯೆಂದು ಹುಡುಕಿದರು. ‘ಮನೆ ಹುಡುಕಿದರು’ ಎಂಬ ಕನ್ನಡ ವಾಕ್ಯ ಎರಡನೆಯ ಅರ್ಥದತ್ತ ವಾಲುತ್ತದೆ. ಮೊದಲನೆಯ ಅರ್ಥಕ್ಕೆ ‘ಶೋಧಿಸು’, ‘ಜಾಲಾಡು’ ಎಂಬ ಬೇರೆ ಕ್ರಿಯಾಪದಗಳನ್ನೋ ‘ಮನೆಯಲ್ಲೆಲ್ಲ ಹುಡುಕಿದರು’ ಎಂಬ ಸಪ್ತಮಿಯ ಪ್ರಯೋಗವನ್ನೋ ಆಶ್ರಯಿಸಬೇಕು. ಎಂದರೆ ಇಂಗ್ಲಿಷಿನಲ್ಲಿ ಪ್ರಿಪೊಸಿಷನ್ ಇಲ್ಲದ ವಾಕ್ಯಕ್ಕೆ ಕನ್ನಡದಲ್ಲಿ ಸಪ್ತಮಿ, ಪ್ರಿಪೊಸಿಷನ್ ಇರುವ ವಾಕ್ಯಕ್ಕೆ ಕನ್ನಡದಲ್ಲಿ ದ್ವಿತೀಯೆ.

6. ಅಡ್ಡಹಾಯುವ ಸಂವಾದಿತ್ವ

ಮೇಲಿನ ಕೊನೆಯ ಮಾತು ಆಕಸ್ಮಿಕವಲ್ಲ. ‘ಅಟೆಂಡ್ ದ ಮೀಟಿಂಗ್’ ಎಂಬುದು ಕನ್ನಡದಲ್ಲಿ ‘ಸಭೆಗೆ ಹಾಜರಾಗು’ ಎಂದು ಚತುರ್ಥಿಯಾಗುತ್ತದೆ. ‘ಅಟೆಂಡ್ ಟು ದ ಪೇಷಂಟ್’ ಎಂಬುದು ‘ರೋಗಿಯನ್ನು ಉಪಚರಿಸು’ ಎಂದು ದ್ವಿತೀಯೆಯಾಗುತ್ತದೆ. ‘ಟು’ ಎಂದರೆ ಚತುರ್ಥಿ, ಪ್ರಿಪೊಸಿಷನ್ ಇಲ್ಲದಿದ್ದರೆ ದ್ವಿತೀಯೆ ಎಂಬ ಸರಳ ಸಮೀಕರಣ ಇಲ್ಲಿ ತಲೆಕೆಳಗಾಗಿದೆ. ಹೀಗೆಯೇ ‘ಎಂಟರ್ ದ ರೂಮ್’ ಎಂಬುದು ‘ಕೋಣೆಯೊಳಗೆ ಹೋಗು’ ಎಂದೂ, ‘ಎಂಟರ್ ಇನ್‌ಟು ಆನ್ ಅಗ್ರಿಮೆಂಟ್’ ಎಂಬುದು ‘ಒಪ್ಪಂದ ಮಾಡಿಕೊಳ್ಳು’ ಎಂದೂ ಆಗುತ್ತವೆ. ‘ಒಳಗೆ’ ಎಂಬ ಅರ್ಥದ ಪ್ರಿಪೊಸಿಷನ್ ಇಂಗ್ಲಿಷಿನಲ್ಲಿ ಇಲ್ಲದ ಕಡೆ ಕನ್ನಡದಲ್ಲಿ ‘ಒಳಗೆ’ ಇದೆ. ಅಲ್ಲಿ ಇರುವ ಕಡೆ ಇಲ್ಲಿ ಇಲ್ಲ.

‘ಲುಕ್’ ಎಂಬ ಕ್ರಿಯಾಪದದಲ್ಲಿ ಸಂವಾದಿತ್ವವು ವಿಭಕ್ತಿಯ ಕ್ಷೇತ್ರದಿಂದ ಪೂರ್ತಿಯಾಗಿ ಹೊರಗೆ ಸರಿಯುತ್ತದೆ. ‘ಅಟ್’ ಬಂದರೆ ‘ನೋಡು’, ‘ಫಾರ್’ ಬಂದರೆ ‘ಹುಡುಕು’, ‘ಆಫ್ಟರ್’ ಬಂದರೆ ‘ನೋಡಿಕೊಳ್ಳು’, ‘ಇನ್‌ಟು’ ಬಂದರೆ ‘ಪರಿಶೀಲಿಸು’. ಇಂಗ್ಲಿಷ್ ಒಂದು ಕ್ರಿಯಾಪದವನ್ನು ಸ್ಥಿರವಾಗಿರಿಸಿ ಪ್ರಿಪೊಸಿಷನ್ನನ್ನು ಬದಲಿಸುತ್ತದೆ. ಕನ್ನಡ ಕ್ರಿಯಾಪದವನ್ನೇ ಬದಲಿಸುತ್ತದೆ, ಇಲ್ಲವೇ ‘ಕೊಳ್ಳು’ ಎಂಬ ಸಹಾಯಕವನ್ನು ಸೇರಿಸುತ್ತದೆ. ಪಾರ್ಟಿಕಲ್ಲುಗಳ ವಿಷಯದಲ್ಲಿಯೂ ಹೀಗೆಯೇ. ‘ಡ್ರಿಂಕ್ ಅಪ್’, ‘ಈಟ್ ಅಪ್’ ಎಂಬಲ್ಲಿ ಕ್ರಿಯೆಯ ಮುಕ್ತಾಯವನ್ನು ಸೂಚಿಸುವ ‘ಅಪ್’ ಕನ್ನಡದ ‘ಕುಡಿದುಬಿಡು’, ‘ತಿಂದುಹಾಕು’ ಎಂಬ ಸಂಯುಕ್ತ ಕ್ರಿಯಾಪದಗಳಲ್ಲಿ ಪ್ರತಿಬಿಂಬಿತವಾಗುತ್ತದೆ.

ಇಂಗ್ಲಿಷಿನೊಳಗೇ ಎಲ್ಲ ಕಡೆ ಒಮ್ಮತವಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ನಿರ್ಣಯವನ್ನು ಪ್ರತಿಭಟಿಸುವುದಕ್ಕೆ ಬ್ರಿಟಿಷ್ ಬಳಕೆ ‘ಪ್ರೊಟೆಸ್ಟ್ ಅಗೆನ್ಸ್ಟ್’ ಎನ್ನುತ್ತದೆ; ಅಮೆರಿಕದ ಬಳಕೆಯಲ್ಲಿ ‘ಅಗೆನ್ಸ್ಟ್’ ಬೇಕಾಗಿಲ್ಲ. ಆದರೆ ‘ಪ್ರೊಟೆಸ್ಟ್ ಹಿಸ್ ಇನೊಸೆನ್ಸ್’ ಎಂದರೆ ಎರಡೂ ಕಡೆ ತಾನು ನಿರಪರಾಧಿಯೆಂದು ಸಾರುವುದು ಎಂದೇ ಅರ್ಥ. ಪ್ರಿಪೊಸಿಷನ್ ಇಲ್ಲದ ಒಂದೇ ರೂಪ ವಿರೋಧಿಸುವುದನ್ನೂ ಎತ್ತಿಹಿಡಿಯುವುದನ್ನೂ ಹೇಳಬಲ್ಲದು. ನಿರ್ಣಯವನ್ನು ನಾಮಪದ ನೋಡಿ ಮಾಡಬೇಕಾಗುತ್ತದೆ.

7. ಕನ್ನಡದೊಳಗಿನ ವ್ಯವಸ್ಥೆ

ಇಷ್ಟರಿಂದ ಕನ್ನಡದಲ್ಲಿ ವಿಭಕ್ತಿಯ ಇರುವಿಕೆ-ಇಲ್ಲದಿರುವಿಕೆಗಳಿಂದ ಅರ್ಥ ಬದಲಾಗುವುದಿಲ್ಲ ಎಂದು ಭಾವಿಸಲಾಗದು. ‘ಊರು ಸೇರಿದ’ ಎಂದರೆ ಊರನ್ನು ತಲುಪಿದ. ‘ಊರಿಗೆ ಸೇರಿದ ಜಮೀನು’ ಎಂದರೆ ಊರಿನ ಒಡೆತನದ್ದು. ‘ಹೊಳೆ ಈಜಿದ’ ಎಂಬಲ್ಲಿ ದಾಟಿದ ಸೂಚನೆಯಿದೆ. ‘ಹೊಳೆಯಲ್ಲಿ ಈಜಿದ’ ಎಂಬಲ್ಲಿ ಅದಿಲ್ಲ. ‘ಹಾವು ಹೊಡೆದ’ ಎಂದರೆ ಹಾವು ಸತ್ತಿದೆ. ‘ಹಾವಿಗೆ ಹೊಡೆದ’ ಎಂದರೆ ಪೆಟ್ಟು ಬಿದ್ದಿದೆ, ಹಾವು ಸತ್ತೀತು ಅಥವಾ ತಪ್ಪಿಸಿಕೊಂಡೀತು. ಬೇಟೆಯ ಸಂದರ್ಭದಲ್ಲಿ ‘ಹುಲಿ ಹೊಡೆದ’ ಎಂಬ ಮಾತನ್ನು ಯಾರೂ ಬರಿಯ ಪೆಟ್ಟೆಂದು ಅರ್ಥೈಸುವುದಿಲ್ಲ. ‘ಶೂಟ್’ ಮತ್ತು ‘ಶೂಟ್ ಅಟ್’ಗಳ ಅಂತರಕ್ಕೆ ಅತ್ಯಂತ ನಿಕಟವಾದ ಸಂವಾದಿ ಕನ್ನಡದಲ್ಲಿ ಇಲ್ಲಿದೆ; ಆದರೆ ಅಳತೆಗೋಲು ಒಂದು ಮೆಟ್ಟಿಲು ಮೇಲಿದೆ. ಇಂಗ್ಲಿಷಿನ ಜೋಡಿ ‘ತಗುಲಿತೆ?’ ಎಂದು ಕೇಳಿದರೆ ಕನ್ನಡದ ಜೋಡಿ ‘ಸತ್ತಿತೆ?’ ಎಂದು ಕೇಳುತ್ತದೆ.

ಈ ಬಗೆಯ ವಿಚಾರ ಭಾರತೀಯ ವ್ಯಾಕರಣ ಪರಂಪರೆಗೆ ಹೊಸತಲ್ಲ. ಕೋಪಾರ್ಥದ ಧಾತುಗಳಿಗೆ ಕೋಪದ ಗುರಿಯಾದವನು ಸಂಪ್ರದಾನ ಕಾರಕವಾಗುತ್ತಾನೆಂದೂ, ‘ಕ್ರುಧ್’ ಮತ್ತು ‘ದ್ರುಹ್’ ಧಾತುಗಳು ಉಪಸರ್ಗ ಸಹಿತವಾಗಿ ಬಂದಾಗ ಅವನೇ ಕರ್ಮವಾಗುತ್ತಾನೆಂದೂ ಪಾಣಿನಿ ವಿಧಿಸಿದ್ದಾನೆ. ಮಲಗು, ನಿಲ್ಲು, ಕುಳಿತುಕೊಳ್ಳು ಎಂಬ ಅರ್ಥದ ಮೂರು ಧಾತುಗಳಿಗೆ ‘ಅಧಿ’ ಸೇರಿದರೆ ಅಧಿಕರಣವಾಗಬೇಕಾದುದು ಕರ್ಮವಾಗುತ್ತದೆಂಬುದೂ ಅವನದೇ ನಿಯಮ. ಧಾತುವಿನ ಪಕ್ಕದ ಒಂದು ಸಣ್ಣ ಘಟಕದಿಂದ ನಾಮಪದದ ಕಾರಕಸ್ಥಾನವೇ ಬದಲಾಗುತ್ತದೆಂಬ ತಿಳಿವಳಿಕೆ ಇಲ್ಲಿ ಸ್ಪಷ್ಟವಾಗಿದೆ. ಕನ್ನಡ ವ್ಯಾಕರಣಗಳು ‘ವಿಭಕ್ತಿಪಲ್ಲಟ’ ಎಂಬ ಹೆಸರಿನಲ್ಲಿ ಒಂದು ವಿಭಕ್ತಿಯ ಸ್ಥಾನದಲ್ಲಿ ಇನ್ನೊಂದು ಬರುವುದನ್ನು ಗುರುತಿಸಿವೆ. ಆದರೆ ಪಲ್ಲಟವೆಂದು ಹೆಸರಿಸಿದಾಗ ಎರಡೂ ರೂಪಗಳಿಗೆ ಅರ್ಥ ಒಂದೇ ಎಂಬ ಭಾವನೆ ಬರುತ್ತದೆ. ‘ಹಾವು ಹೊಡೆದ’, ‘ಹಾವಿಗೆ ಹೊಡೆದ’ ಎಂಬಂಥ ಜೋಡಿಗಳಲ್ಲಿ ಅರ್ಥ ಒಂದೇ ಅಲ್ಲ. ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ (2000) ಕೃತಿಯಲ್ಲಿ ಮುಂದಿಟ್ಟ ಬೇಡಿಕೆಯನ್ನು ಈ ಕ್ಷೇತ್ರಕ್ಕೆ ಅನ್ವಯಿಸಿದರೆ, ಯಾವ ಕನ್ನಡ ಕ್ರಿಯಾಪದಕ್ಕೆ ಯಾವ ಯಾವ ವಿಭಕ್ತಿಗಳು ಸಲ್ಲುತ್ತವೆ, ಸಲ್ಲುವಾಗ ಅರ್ಥ ಹೇಗೆ ಬದಲಾಗುತ್ತದೆ ಎಂಬ ಕನ್ನಡದ್ದೇ ಆದ ಪಟ್ಟಿ ಸಿದ್ಧವಾಗಬೇಕಾಗುತ್ತದೆ.

8. ಬೋಧನೆ, ಅನುವಾದ, ನಿಘಂಟು

ಬೋಧನೆಯಲ್ಲಿ ‘ಡಿಸ್ಕಸ್ ಅಬೌಟ್’ ಎಂಬ ಪ್ರಯೋಗ ಸದಾ ಎತ್ತಿ ತೋರಿಸಲ್ಪಡುವ ದೋಷ. ‘ವಿಷಯದ ಬಗ್ಗೆ ಚರ್ಚಿಸಿದರು’ ಎಂಬ ಕನ್ನಡ ವಾಕ್ಯ ಇದರ ಮೂಲವೆಂದು ಹೇಳುವುದುಂಟು. ಅದು ಭಾಗಶಃ ನಿಜ. ಆದರೆ ಕನ್ನಡದ ಸಂಪರ್ಕವೇ ಇಲ್ಲದ ಆಫ್ರಿಕದ ಇಂಗ್ಲಿಷ್ ಪ್ರಭೇದಗಳಲ್ಲಿಯೂ ಇದೇ ಪ್ರಯೋಗ ಕಂಡುಬರುತ್ತದೆ. ‘ಟಾಕ್ ಅಬೌಟ್’ ಎಂಬ ಕ್ರಿಯಾಪದದ ಮತ್ತು ‘ಡಿಸ್ಕಷನ್ ಅಬೌಟ್’ ಎಂಬ ನಾಮಪದದ ಸಾದೃಶ್ಯ ಇಂಗ್ಲಿಷಿನೊಳಗೇ ಇದೆ. ಆದ್ದರಿಂದ ಎಲ್ಲ ದೋಷಗಳನ್ನೂ ಮಾತೃಭಾಷೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಇದಕ್ಕಿಂತ ಹೆಚ್ಚಿನ ಗಮನ ಬೇಕಾದುದು ವಾಕ್ಯ ಶುದ್ಧವಾಗಿದ್ದೂ ಅರ್ಥ ಬೇರೆಯಾಗುವ ‘ಶೂಟ್ ಅಟ್’, ‘ಸರ್ಚ್ ಫಾರ್’ಗಳಂಥ ಸಂದರ್ಭಗಳಿಗೆ. ಮೊದಲನೆಯ ಬಗೆಯ ತಪ್ಪು ಓದುಗನಿಗೆ ಕಾಣುತ್ತದೆ. ಎರಡನೆಯ ಬಗೆಯದು ಕಾಣದೆ ಉಳಿಯುತ್ತದೆ.

ಅನುವಾದದಲ್ಲಿ ವಿರುದ್ಧ ದಿಕ್ಕಿನ ಪ್ರಭಾವವೂ ನಡೆದಿದೆ. ‘ಬೆಳೆ ಮಳೆಯನ್ನು ಅವಲಂಬಿಸಿದೆ’ ಎಂಬುದು ಕನ್ನಡದ ರೀತಿ. ‘ಡಿಪೆಂಡ್ ಆನ್’ ಎಂಬುದರ ನೆರಳಿನಲ್ಲಿ ‘ಮಳೆಯ ಮೇಲೆ ಅವಲಂಬಿತವಾಗಿದೆ’ ಎಂಬ ರೂಪ ಪತ್ರಿಕೆಗಳಲ್ಲಿಯೂ ಸಂಶೋಧನ ಪ್ರಬಂಧಗಳಲ್ಲಿಯೂ ಹಬ್ಬಿದೆ. ‘ಕಾದಂಬರಿಯ ಮೇಲೆ ಸಂಶೋಧನೆ’, ‘ವಿಷಯದ ಮೇಲೆ ಉಪನ್ಯಾಸ’ ಎಂಬವೂ ಇದೇ ಜಾತಿಗೆ ಸೇರಿದವು. ‘ಮಗನ ಮೇಲೆ ಪ್ರೀತಿ’, ‘ತಮ್ಮನ ಮೇಲೆ ಸಿಟ್ಟು’ ಎಂಬಲ್ಲಿ ‘ಮೇಲೆ’ ಕನ್ನಡದ್ದೇ ಆಗಿರುವುದರಿಂದ ‘ಮೇಲೆ’ ಕಂಡಲ್ಲೆಲ್ಲ ಅನುವಾದದ ದೋಷವನ್ನು ಕಾಣಬೇಕಾಗಿಲ್ಲ. ಭಾವವು ಒಬ್ಬರ ಮೇಲೆ ಹರಿಯುವುದಕ್ಕೂ ಅಧ್ಯಯನವು ಒಂದು ವಿಷಯವನ್ನು ಕುರಿತು ನಡೆಯುವುದಕ್ಕೂ ಕನ್ನ‍ಡ ಮಾಡುತ್ತ ಬಂದ ವ್ಯತ್ಯಾಸ ಮಾಸುತ್ತಿರುವುದು ಮಾತ್ರ ಗಮನಿಸಬೇಕಾದ ಸಂಗತಿ.

ದ್ವಿಭಾಷಾ ನಿಘಂಟುಗಳಲ್ಲಿ ಪ್ರಿಪೊಸಿಷನ್ನುಗಳನ್ನು ಸ್ವತಂತ್ರ ಪದಗಳಾಗಿ ಅರ್ಥೈಸುವುದು ಅನಿವಾರ್ಯವಾದರೂ ಸಾಲದು. ‘ಅಟ್’ ಎಂಬುದರ ಕೆಳಗೆ ‘ಅಲ್ಲಿ, ಕಡೆಗೆ’ ಎಂದು ಬರೆದರೆ ‘ಶೂಟ್ ಅಟ್’ನ ಅರ್ಥ ಹೊರಡುವುದಿಲ್ಲ. ಕ್ರಿಯಾಪದದ ಉಲ್ಲೇಖದೊಳಗೇ ಪ್ರಿಪೊಸಿಷನ್ ರಹಿತ ಮತ್ತು ಸಹಿತ ಪ್ರಯೋಗಗಳನ್ನು ಜೋಡಿಯಾಗಿ ಕೊಟ್ಟು, ಪ್ರತಿಯೊಂದಕ್ಕೂ ಪೂರ್ಣ ಕನ್ನಡ ವಾಕ್ಯವನ್ನು ಒದಗಿಸಬೇಕು. ಆ ವಾಕ್ಯದಲ್ಲಿ ವ್ಯತ್ಯಾಸವನ್ನು ವಿಭಕ್ತಿ ಹೊತ್ತಿದೆಯೋ, ಅವ್ಯಯ ಹೊತ್ತಿದೆಯೋ, ಸಹಾಯಕ ಕ್ರಿಯಾಪದ ಹೊತ್ತಿದೆಯೋ ಎಂಬ ಸೂಚನೆ ಇದ್ದರೆ ನಿಘಂಟು ಕನ್ನಡ ವ್ಯಾಕರಣಕ್ಕೂ ಆಕರವಾಗುತ್ತದೆ.

9. ಸಮಾರೋಪ

ಒಟ್ಟಾರೆಯಾಗಿ ಹೇಳುವುದಾದರೆ, ಇಂಗ್ಲಿಷ್ ಕ್ರಿಯಾಪದದ ಮುಂದಿನ ಪ್ರಿಪೊಸಿಷನ್ ಬಹುಪಾಲು ಸಂದರ್ಭಗಳಲ್ಲಿ ಕ್ರಿಯೆಗೂ ನಾಮಪದಕ್ಕೂ ನಡುವೆ ಒಂದು ಅಂತರವನ್ನು ನಿರ್ಮಿಸುತ್ತದೆ. ಮುಟ್ಟಿದೆ ಎಂಬ ಖಾತರಿ ಹೋಗುವುದು, ಪೂರ್ಣತೆ ಹೋಗುವುದು, ನೇರ ಪರಿಚಯ ಹೋಗುವುದು ಇವು ಆ ಅಂತರದ ಮೂರು ಮುಖಗಳು. ‘ಲುಕ್’, ‘ಅಟೆಂಡ್’ಗಳಂಥ ಕೆಲವು ಕ್ರಿಯಾಪದಗಳಲ್ಲಿ ಅರ್ಥವು ಪೂರ್ತಿಯಾಗಿ ಬೇರೆಯಾಗಿ ಹೊಸ ಪದವೇ ಹುಟ್ಟಿದಂತಾಗುತ್ತದೆ. ಕನ್ನಡದಲ್ಲಿ ಈ ಕೆಲಸವು ವಿಭಕ್ತಿ, ಅವ್ಯಯ, ಸಹಾಯಕ ಕ್ರಿಯಾಪದ ಮತ್ತು ಕ್ರಿಯಾಪದದ ಆಯ್ಕೆ ಎಂಬ ನಾಲ್ಕು ಕಡೆಗಳಲ್ಲಿ ಹಂಚಿಹೋಗಿದೆ. ಪ್ರಿಪೊಸಿಷನ್ನಿಗೆ ಪ್ರತ್ಯಯವನ್ನು ಸಮೀಕರಿಸುವ ವಿಧಾನ ಈ ಹಂಚಿಕೆಯನ್ನು ಮರೆಮಾಡುತ್ತದೆ.

ಕನ್ನಡದ ದೃಷ್ಟಿಯಿಂದ ಇದರಲ್ಲಿ ಎರಡು ಕೆಲಸಗಳು ಬಾಕಿಯಿವೆ. ಮೊದಲನೆಯದು, ಕನ್ನಡ ಕ್ರಿಯಾಪದಗಳ ವಿಭಕ್ತಿಪರ್ಯಾಯಗಳನ್ನು ಪ್ರಾದೇಶಿಕ ಭೇದಗಳೊಡನೆ ಸಂಗ್ರಹಿಸುವುದು. ಉತ್ತರ ಕರ್ನಾಟಕದ ‘ಅವನಿಗೆ ಕೇಳಿದೆ’, ಹಳೆಯ ಮೈಸೂರಿನ ‘ಅವನನ್ನು ಕೇಳಿದೆ’ ಎಂಬಂಥ ಜೋಡಿಗಳಲ್ಲಿ ಅರ್ಥಭೇದವಿಲ್ಲದೆ ಪ್ರದೇಶಭೇದ ಮಾತ್ರವಿರುವುದರಿಂದ, ಪ್ರದೇಶಭೇದ ಯಾವುದು ಅರ್ಥಭೇದ ಯಾವುದು ಎಂದು ಬಿಡಿಸಿ ನೋಡದೆ ಮುಂದುವರಿಯಲಾಗದು. ಎರಡನೆಯದು, ಕಾನೂನು ಮತ್ತು ಆಡಳಿತದ ಅನುವಾದಗಳಲ್ಲಿ ಈ ವ್ಯತ್ಯಾಸಗಳು ಉಳಿದಿವೆಯೇ ಎಂದು ಪರಿಶೀಲಿಸುವುದು. ಒಬ್ಬನತ್ತ ಹಾರಿದ ಗುಂಡು ಅವನಿಗೆ ತಗುಲಿತೆ ಎಂಬುದನ್ನು ಇಂಗ್ಲಿಷ್ ಪಠ್ಯ ಹೇಳದೆ ಬಿಟ್ಟಿದ್ದರೆ ಕನ್ನಡ ಪಠ್ಯವೂ ಹೇಳದೆ ಬಿಡಬೇಕು. ಅದು ಹೇಳಿದ್ದರೆ ಇದೂ ಹೇಳಬೇಕು. ಅದಕ್ಕೆ ಬೇಕಾದ ಸಾಧನಗಳು ಕನ್ನಡದಲ್ಲಿ ಇವೆ.